ಬಾರದೆ ಉಳಿದದ್ದು

ಪೋರ್ಟ್ ಟಾಲ್ಬಟ್ಟಿನ ನಮ್ಮ ಮನೆಯ ಹಿತ್ತಿಲಲ್ಲಿ
ಹಿಂದೆ ಕಲ್ಲಿದ್ದಲು ತುಂಬುತ್ತಿದ್ದ ಕೋಣೆ
ಈಗ ನೆಸ್ಟಾಳ ಕಮ್ಮಟ.
ಒಂದು ಲೇತ್, ಎಣ್ಣೆ ಕುಡಿದು ಕಪ್ಪಾದ ಸ್ಟೂಲು,
ಮತ್ತೆ ಆರು ಆಯಸ್ಕಾಂತದ ಪೀಠಗಳು:
ಮುಷ್ಟಿಗಾತ್ರದ ಉಕ್ಕಿನ ಗಟ್ಟಿಗಳು, ಮುಖಕ್ಕೊಂದು ಗುಂಡಿ.
ಅತ್ತ ತಿರುಗಿಸಿದರೆ ಉಡದ ಪಟ್ಟು.
ಇತ್ತ ತಿರುಗಿಸಿದರೆ, ನೀನಾರೋ ನಾನಾರೋ.

ನಾನು ಶಾಲೆಯ ಅಡುಗೆಮನೆಯಲ್ಲಿ
ಮೂವತ್ತು ವರ್ಷ ಆಲೂಗಡ್ಡೆ ಬೇಯಿಸಿದವನು.
ಈ ಕೋಣೆಯಲ್ಲಿ ನನಗಿದ್ದ ಕೆಲಸ ಎರಡೇ:
ಚಹಾ ತರುವುದು,
ಹಿಡಿ ಅಂದಾಗ ಹಿಡಿಯುವುದು.
ಪೀಠಗಳು ಬಂದವು, ಎರಡನೆಯದು ಹೋಯಿತು.
ಒಂದು ದೀಪ ಹಿಡಿಯುತ್ತದೆ.
ಒಂದು, ಕೂದಲೆಳೆಗೂ ನಡುಗುವ ಮುಳ್ಳಿನ ಡಯಲು.
ಒಂದು ತಂಪುನೀರಿನ ಕೊಳವೆ.
ಒಂದು ಅವಳ ಕನ್ನಡಕ.
ಐದನೆಯದನ್ನು ನಾನೇ ಕದ್ದು
ಸೌಟು ನೇತುಹಾಕಲೆಂದು ಫ್ರಿಜ್ಜಿಗೆ ಕಚ್ಚಿಸಿದ್ದೆ;
ಗುಂಡಿ ಮರೆತು ಜಗ್ಗಿದಾಗ
ಬಿಳಿ ಬಾಗಿಲ ಮೇಲೆ ಬಿದ್ದ ಗೀರಿನ ವಿಚಾರಣೆ
ಇಂದಿಗೂ ಮುಗಿದಿಲ್ಲ.

ಒಮ್ಮೆ ಕೇಳಿದೆ:
ಬಿಟ್ಟಾಗ ಸೆಳೆತ ಎಲ್ಲಿಗೆ ಹೋಗುತ್ತದೆ?
ಎಲ್ಲಿಗೂ ಇಲ್ಲ, ಅಂದಳು, ಅರದಿಂದ ಕಣ್ಣೆತ್ತದೆ.
ಒಳಗಿನ ಕಾಂತ ಇದ್ದ ಹಾಗೇ ಇರುತ್ತದೆ.
ಮಗ್ಗುಲು ಬದಲಿಸಿ
ತನ್ನ ಬಲವನ್ನು ತನ್ನ ಗೋಡೆಯೊಳಗೇ ಸುತ್ತಾಡಿಸುತ್ತದೆ,
ಹೊರಗೆ ಬಿಡುವುದಿಲ್ಲ, ಅಷ್ಟೆ.

ಇಪ್ಪತ್ತೆಂಟು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವಳು.
ಅಲ್ಲಿನ ಕುಲುಮೆ ಆರಿದ ವಾರ
ಊಟದ ಮೇಜಿನಲ್ಲಿ ಉಪ್ಪು ಕೊಡು ಅಂದದ್ದು ಬಿಟ್ಟರೆ
ಬೇರೆ ಮಾತಿರಲಿಲ್ಲ.

ಲೇತಿಗೆ ಕೈಹಾಕುವ ಮುನ್ನ ಉಂಗುರ ತೆಗೆಯುವುದು ನೇಮ.
ತಿರುಗುವ ಯಂತ್ರಕ್ಕೆ ಮದುವೆ ಗಿದುವೆ ತಿಳಿಯದು ಅನ್ನುತ್ತಾಳೆ.
ಗೋಡೆಯ ಮೊಳೆಗೆ ಸಿಕ್ಕಿಸುವ ಉಂಗುರ
ಕಳೆದ ಮಂಗಳವಾರ ಮೊಳೆಯಲ್ಲಿರಲಿಲ್ಲ.
ಕೆಳಗೆ ಪ್ಲಾಸ್ಟಿಕ್ ತೊಟ್ಟಿ,
ತೊಟ್ಟಿ ತುಂಬ ತಿಂಗಳ ಕಬ್ಬಿಣದ ಸಿಪ್ಪೆ:
ಸುರುಳಿ, ಸೂಜಿ, ಚಕ್ಕೆ, ನೀಲಿಗಟ್ಟಿದ ಗುಂಗುರು.
ಕೈಯಾಡಿಸಿದೆ. ಎರಡು ಬೆರಳು ಕೊಯ್ದವು.
ವೆಲ್ಷಿನಲ್ಲಿ ನಾನಂದದ್ದು ಇಲ್ಲಿ ಬೇಡ.

ನೆಸ್ಟಾ ಆರನೆಯ ಪೀಠಕ್ಕೆ
ಬ್ರೆಡ್ಡಿನ ಖಾಲಿ ಚೀಲ ತೊಡಿಸಿದಳು,
ಗುಂಡಿ ತಿರುಗಿಸಿ ತೊಟ್ಟಿಗಿಳಿಸಿದಳು.
ಎತ್ತಿದರೆ ಮುಳ್ಳುಹಂದಿ!
ಬಕೆಟ್ಟಿನ ಮೇಲೆ ಹಿಡಿದು ಗುಂಡಿ ಹಿಂದಕ್ಕೆ,
ಜರ್ರನೆ ಉದುರಿತು ಅಷ್ಟೂ.
ಮತ್ತೆ ಇಳಿಸಿ, ಮತ್ತೆ ಎತ್ತಿ,
ಮತ್ತೆ.
ಎಂದೋ ಕಳೆದ ಸ್ಕ್ರೂಗಳು ಬಂದವು,
ಗಡಿಯಾರದ ಸ್ಪ್ರಿಂಗೊಂದು ತಲೆಕೆಳಗಾಗಿ ಜೋತು ಬಂತು.
ನನಗೆ ರೇಗಿತು:
ಚಿನ್ನ ಇದಕ್ಕೆ ಅಂಟುವುದಿಲ್ಲ ಕಣೇ,
ಅಡುಗೆಯವನಿಗೂ ಗೊತ್ತು ಅಷ್ಟು.
ಗೊತ್ತು, ಅಂದಳು.
ಅದಕ್ಕೇ.

ಮುಕ್ಕಾಲು ಗಂಟೆ ಹಿಡಿಯಿತು ತೊಟ್ಟಿ ಬರಿದಾಗಲು.
ತಳದಲ್ಲಿ ಉಳಿದದ್ದು
ಹಿತ್ತಾಳೆಯ ನಾಲ್ಕು ಎಳೆ,
ಬಿಸ್ಕತ್ತಿನ ಪುಡಿ (ಅಪರಾಧಿ ನಾನೇ),
ಅಂಗಿಯ ಗುಂಡಿ,
ಅದರ ಪಕ್ಕ ಉಂಗುರ, ಎಣ್ಣೆಯಲ್ಲಿ ಮಿಂದು,
ಎಷ್ಟು ಕರೆದರೂ ಬಾರದ ಬೆಕ್ಕಿನ ಹಾಗೆ
ತಣ್ಣಗೆ ಕೂತಿತ್ತು.

ಒರೆಸಿ ಅವಳ ಅಂಗೈಯಲ್ಲಿಟ್ಟೆ.
ತೊಡಲಿಲ್ಲ.
ಸುತ್ತಿಗೆಯಿಂದ ಮೊಳೆಯನ್ನು ತುಸು ಮೇಲಕ್ಕೆ ಬಾಗಿಸಿ
ಮತ್ತೆ ಅಲ್ಲಿಗೇ ಸಿಕ್ಕಿಸಿದಳು.
ಡಯಲಿನತ್ತ ಬಗ್ಗಿ,
ಇನ್ನೂ ಎರಡು ಗೆರೆ ಓಲುತ್ತಿದೆ ಇದು, ಅಂದಳು.
ದೀಪ ಹಿಡೀತೀಯಾ, ಇಡ್ವಾಲ್?

ದೀಪ ಪೀಠದ ಮೇಲೆ ಆಗಲೇ ಇತ್ತು,
ನೆಟ್ಟಗೆ, ಕದಲದೆ.
ಹಿಡಿದುಕೊಂಡೆ.